ಒಂದರಿಂದ ನಾಲ್ಕು

ಒಂದು ಗಂಟೆಗೆ ಇನ್ನೂ ಏಳು ನಿಮಿಷವಿರುವಾಗ ತಾತ್ಯಾ ಊಟ ಮುಗಿಸಿ, ಕೈ ತೊಳೆದು ಒರೆಸಿಕೊಂಡು, ಬಲಗೈಯನ್ನು ಸೊಸೆಯ ಮುಂದೆ ಚಾಚಿದರು. ರಕ್ತ ತೆಗೆಸಿಕೊಳ್ಳಲು ಬಂದವರು ಚಾಚುವ ಹಾಗೆ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು. ಆಸಾವರಿ ಕಪ್ಪು ರಬ್ಬರಿನ ಪಟ್ಟಿಯನ್ನು ಅವರ ಮಣಿಕಟ್ಟಿಗೆ ಸುತ್ತಿ ಐದನೆಯ ತೂತಿಗೆ ಕೊಂಡಿ ಹಾಕಿದಳು. ಅವಳ ಕೈಗಾದರೆ ನಾಲ್ಕನೆಯದು. ಮಾವನ ಮಣಿಕಟ್ಟು ತನ್ನದಕ್ಕಿಂತ ಸಣ್ಣದೆಂದು ಮೊದಲ ದಿನ ಗೊತ್ತಾದಾಗ, ನೋಡಬಾರದ್ದನ್ನು ನೋಡಿದಂತೆ ಅವಳಿಗೆ ಪೆಚ್ಚಾಗಿತ್ತು. ಈಗ ಏಳು ವಾರವಾಗಿ ಅದೂ ರೂಢಿಯಾಗಿದೆ. ಪಟ್ಟಿಯ ಅಡಿಯಲ್ಲಿ ಹಸಿರು ದೀಪವೊಂದು ಕಣ್ಣು ಹೊಡೆದು ಸುಮ್ಮನಾಯಿತು.

“ಬಿಗಿ ಆತೇನ್ರಿ ತಾತ್ಯಾ?”

“ಉಪಕರಣ ಬಿಗಿನೇ ಇರಬೇಕು. ಸಡಲಿದ್ರ ತಪ್ಪು ತೋರಸ್ತದ,” ಎಂದರು ತಾತ್ಯಾ. ಮೂವತ್ತನಾಲ್ಕು ವರ್ಷ ಹವಾಮಾನ ಇಲಾಖೆಯಲ್ಲಿ ಮಳೆ, ಗಾಳಿ, ಉಷ್ಣತೆಗಳನ್ನು ಅಳೆದು ಬರೆದುಕೊಂಡು ನಿವೃತ್ತರಾದವರು. ಸೊಸೆ ಮೊದಲ ದಿನ “ನಮ್ಮ ಕಂಪನಿಯವರು ಹಿರಿಯರ ನಾಡಿ ನೋಡ್ಲಿಕ್ಕೆ ಹತ್ಯಾರ, ಮಧ್ಯಾಹ್ನ ಸ್ವಲ್ಪ ಕಟ್ಟಲೇನು?” ಎಂದು ಹೇಳಿದ ಸುಳ್ಳಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಎಡಗೈಗೋ ಬಲಗೈಗೋ? ಎಡ ಮಗ್ಗುಲಿಗೆ ಮಲಗುವುದರಿಂದ ಬಲಗೈಯೇ ವಾಸಿ ಎಂದು ಅವರೇ ತೀರ್ಮಾನಿಸಿದ್ದರು.

ಒಂದಾಯಿತು. ಪುಣೆಯ ನಾರಾಯಣ ಪೇಠದಲ್ಲಿ ಒಂದಾಗುವುದು ಗಡಿಯಾರ ನೋಡದವರಿಗೂ ತಿಳಿಯುತ್ತದೆ. ಕೆಳಗಿನ ಕಿರಾಣಿ ಅಂಗಡಿಯ ಶಟರು ಇಳಿಯುತ್ತದೆ, ಎದುರಿನ ಪುಸ್ತಕದಂಗಡಿಯ ಶಟರು ಇಳಿಯುತ್ತದೆ, ಕೊನೆಗೆ ಔಷಧಿ ಅಂಗಡಿಯವನದೂ ಇಳಿಯುತ್ತದೆ. ಜಡ್ಡು ಬಿದ್ದವರು ನಾಲ್ಕರ ತನಕ ತಡೆದುಕೊಳ್ಳುತ್ತಾರೆ. ಲಿಮಯೆಯವರ ಮನೆಯ ಬಾಗಿಲ ಮೇಲೆ ಅತ್ತೆ, ಎಲ್ಲರೂ ಮಾಯಿ ಎನ್ನುತ್ತಿದ್ದ ಸುಮತಿಬಾಯಿ, ಕೈಯಾರೆ ಬರೆದು ತೂಗುಹಾಕಿದ ಹಲಗೆ ಇನ್ನೂ ಇದೆ: ‘ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಕರೆಗಂಟೆ ಒತ್ತಬಾರದು. ತುರ್ತಿದ್ದವರು ನಾಲ್ಕಕ್ಕೆ ಬರಬೇಕು. ಕಳ್ಳರಿಗೂ ಇದೇ ನಿಯಮ.’ ಬರೆದವರು ಹೋಗಿ ಹನ್ನೊಂದು ತಿಂಗಳಾಯಿತು. ನಿಯಮ ಹೋಗಿಲ್ಲ.

ಆಸಾವರಿ ಒಳಕೋಣೆಗೆ ಬಂದು ಹಾಸಿಗೆಯ ಮೇಲೆ ಕುಳಿತಳು. ಮಲಗುವುದರಲ್ಲಿ ಅರ್ಥವಿರಲಿಲ್ಲ, ಆದರೂ ಕಾಲು ನೀಡಿದಳು. ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಧೂಳು ಹೆಚ್ಚು ಹಿಡಿದಿತ್ತು. ಏಕೆ ಅದೊಂದಕ್ಕೇ ಎಂಬುದು ಅವಳಿಗೆ ಹನ್ನೊಂದು ತಿಂಗಳಿಂದಲೂ ಬಗೆಹರಿದಿಲ್ಲ. ಈ ಅವಧಿಯಲ್ಲಿ ಅವಳು ಮಾಡದ ಉಪಾಯವಿಲ್ಲ. ಜಾಯಿಕಾಯಿ ತೇಯ್ದ ಹಾಲು ಕುಡಿದಿದ್ದಳು. ಕಂಚಿನ ಬಟ್ಟಲಿಗೆ ತುಪ್ಪ ಹಚ್ಚಿ ಅಂಗಾಲು ತಿಕ್ಕಿಕೊಂಡಿದ್ದಳು. ಅಂಗಾಲು ಕಪ್ಪಾಯಿತು, ಒಳಗಿನ ಉಷ್ಣವೆಲ್ಲ ಇಳಿಯಿತು ಎಂದು ತಂಗಿ ಸಂತೋಷಪಟ್ಟಳು, ನಿದ್ದೆ ಬರಲಿಲ್ಲ. ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಂಡು ಮಲಗಿದರೆ ಹೊರಕೋಣೆಯಿಂದ ತಾತ್ಯಾ, “ಇದು ಮಳೀ ಅಲ್ಲ, ಇದು ಬಾಣಲಿ ಒಳಗ ಏನೋ ಕರಿಯೋ ಸಪ್ಪಳ” ಎಂದಿದ್ದರು. ಅದಾದ ಮೇಲೆ ಅವಳಿಗೆ ಮಳೆಯಲ್ಲಿ ಬಜಿಯ ಹೊರತು ಬೇರೇನೂ ಕೇಳಿಸಲಿಲ್ಲ. ಗಂಡ ಕೇದಾರ ಬೆಳಿಗ್ಗೆ ಏಳಕ್ಕೆ ಚಾಕಣದ ಕಾರಖಾನೆಗೆ ಹೋಗಿ ರಾತ್ರಿ ಎಂಟಕ್ಕೆ ಬರುವವನು, ದಿಂಬಿಗೆ ತಲೆ ತಾಗಿದ ಕೂಡಲೆ ಬೇರೆ ಊರಿಗೆ ಹೋದವನಂತೆ ಹೋಗಿಬಿಡುತ್ತಾನೆ. ಅವನ ಮೇಲೆ ಅವಳಿಗೆ ಸಿಟ್ಟಿಲ್ಲ. ಬಸ್ಸು ತಪ್ಪಿದವರಿಗೆ ಒಳಗೆ ಕುಳಿತವರ ಮೇಲೆ ಎಷ್ಟು ಸಿಟ್ಟಿರುತ್ತದೋ ಅಷ್ಟೇ.

ಆಮೇಲೆ ಕಂಪನಿಯವರು ಈ ಪಟ್ಟಿ ಕೊಟ್ಟರು. ಆರೋಗ್ಯ ವಿಮೆಯ ಕಂಪನಿ. ಆಸ್ಪತ್ರೆಗಳಿಂದ ಬರುವ ಕಾಗದಪತ್ರ ನೋಡಿ, ಸೇರಿದ ವೇಳೆ, ಬಿಟ್ಟ ವೇಳೆ, ಕೆಲವೊಮ್ಮೆ ತೀರಿಕೊಂಡ ವೇಳೆ, ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವುದು ಆಸಾವರಿಯ ಕೆಲಸ. ಮನೆಯಿಂದಲೇ ಮಾಡುತ್ತಾಳೆ: ಬೆಳಿಗ್ಗೆ ಆರರಿಂದ ಒಂದು, ಮತ್ತೆ ನಾಲ್ಕರಿಂದ ಆರು. ಪುಣೆ ಕಚೇರಿಯ ಅರ್ಧಕ್ಕರ್ಧ ಮಂದಿ ಬೇಡಿ ಪಡೆದ ಪಾಳಿ ಅದು. ನೌಕರರು ಚೆನ್ನಾಗಿ ನಿದ್ದೆ ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತಾರೆಂದು ಮುಂಬಯಿಯ ಮುಖ್ಯ ಕಚೇರಿಗೆ ಹೊಳೆದು, ಎಲ್ಲರ ಕೈಗೂ ಪಟ್ಟಿ ಕಟ್ಟಿ, ವಾರವಾರ ನಿದ್ದೆಗೆ ಅಂಕ ಕೊಡತೊಡಗಿದಾಗ, ಪುಣೆಯವರು ಸಹಿ ಸಂಗ್ರಹಿಸಿ ಒಂದು ಮನವಿ ಕೊಟ್ಟರು: ಮಧ್ಯಾಹ್ನದ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಂಕ ನಿದ್ದೆಯ ಉದ್ದಕ್ಕಲ್ಲ, ಆಳಕ್ಕೆ ಕೊಡಬೇಕು. ಮುಂಬಯಿಯವರು ನಕ್ಕು ಒಪ್ಪಿದರು.

ಅವಳಿಗೆ ಮೊದಲ ವಾರ ಮೂವತ್ತೊಂದು ಬಂತು. ಎರಡನೆಯ ವಾರ ಇಪ್ಪತ್ತೆಂಟು. ಬೆಳಗಾದರೆ ಫೋನು ಹೇಳುತ್ತಿತ್ತು: ‘ನಿನ್ನೆ ನಿಮಗೆ ನಿದ್ದೆ ಸಾಲಲಿಲ್ಲ.’ ಗೊತ್ತಿದ್ದವರಿಗೇ ಗೊತ್ತಿದ್ದದ್ದನ್ನು ಹೇಳುವ ನೆಂಟರಂತೆ. ಅದು ಹೇಳಿದ ಮೇಲೆ, ಅದು ನಾಳೆ ಏನು ಹೇಳೀತೋ ಎಂಬ ಯೋಚನೆಯಲ್ಲಿ ಉಳಿದ ಒಂದೆರಡು ತಾಸೂ ಹಾರಿಹೋದವು. ಮೂರನೆಯ ವಾರ ಮುಂಬಯಿಯಿಂದ ಫಾರ್ಮು ಬಂತು. ನಲವತ್ತಕ್ಕಿಂತ ಕಡಿಮೆ ಇದ್ದವರೊಡನೆ ಡಾಕ್ಟರು ಮಾತಾಡುತ್ತಾರಂತೆ, ಅದಕ್ಕೆ ಮುಂಚೆ ತುಂಬಿ ಕಳಿಸಬೇಕು. ಮೊದಲ ಪ್ರಶ್ನೆ: ‘ಇದು ಯಾವಾಗಿನಿಂದ? ಆ ಸುಮಾರಿಗೆ ಮನೆಯಲ್ಲಿ ವಿಶೇಷವೇನಾದರೂ ನಡೆಯಿತೆ?’ ಆಸಾವರಿ ಫಾರ್ಮನ್ನು ಮುಚ್ಚಿದಳು. ಎದ್ದು ಹೊರಕೋಣೆಗೆ ಹೋಗಿ, ಎಡ ಮಗ್ಗುಲಾಗಿ ಕಲ್ಲಿನ ಹಾಗೆ ಬಿದ್ದುಕೊಂಡಿದ್ದ ತಾತ್ಯಾರನ್ನು ಬಹಳ ಹೊತ್ತು ನೋಡಿದಳು. ಮರುದಿನ ನಾಡಿಯ ಸುಳ್ಳು ಹೇಳಿದಳು. ರಾತ್ರಿ ಪಟ್ಟಿ ಕಟ್ಟಿಕೊಳ್ಳುವುದನ್ನೇ ಬಿಟ್ಟಳು. ಆ ವಾರ ಅವಳಿಗೆ ಎಂಬತ್ತೆಂಟು ಬಂತು.

ಯಾವಾಗಿನಿಂದ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ವೈಶಾಖದ ಒಂದು ಮಂಗಳವಾರ, ಮಧ್ಯಾಹ್ನ ಎರಡು ದಾಟಿದ ಮೇಲೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದ ಮಾಯಿ ನಡುಕೋಣೆಯ ಮಂಚದ ಮೇಲೆ. ತಲೆದೆಸೆಯ ಸ್ಟೂಲಿನ ಮೇಲೆ ದೇವರ ಮನೆಯಿಂದ ತಂದಿಟ್ಟ ಹಿತ್ತಾಳೆಯ ಕಿರುಗಂಟೆ. ಮಾಯಿ ಅದಕ್ಕೂ ನಿಯಮ ಮಾಡಿದ್ದರು: “ಒಂದ ಸಲ ಬಾರಿಸಿದ್ರ, ನಿನ್ನ ಕೈ ಬಿಡುವಾದಾಗ ಬಾ. ಎರಡ ಸಲ ಬಾರಿಸಿದ್ರ ಕೈಯಾಗಿಂದ ಬಿಟ್ಟು ಬಾ. ಮೂರ ಸಲ ಬಾರಿಸೂದಿಲ್ಲ, ನಾ ಏನ ಶಾಳಿ ಜವಾನ ಅಲ್ಲ.” ಆ ದಿನ ಗಂಟೆ ಒಂದು ಸಲ ಬಾರಿಸಿತು. ಆಸಾವರಿಗೆ ಕೇಳಿಸಿತು. ಇದು ಯಾರಿಗೂ ಗೊತ್ತಿಲ್ಲದ ಸಂಗತಿ. ಅರೆನಿದ್ದೆಯಲ್ಲಿ ಕೇಳಿಸಿತು ಎಂದು ಅವಳು ಎಷ್ಟೋ ದಿನ ತನಗೆ ತಾನೇ ಹೇಳಿ ನೋಡಿದ್ದಳು. ಅದು ನಿಜವಲ್ಲ, ಪೂರ್ತಿ ಕೇಳಿಸಿತು, ಗಂಟೆಯ ನಾಲಗೆ ಅಂಚಿಗೆ ತಾಗಿ ಎಳೆದ ಕೊನೆಯ ಸಣ್ಣ ದನಿಯ ತನಕ. ಬೇರೆ ದಿನ ಒಂದೇ ಸದ್ದಿಗೆ ಏಳುತ್ತಿದ್ದಳು. ಅಂದು, ಒಂದೇ ತಾನೆ, ಬೇಕಿದ್ದರೆ ಇನ್ನೊಂದು ಬಾರಿಸುತ್ತಾರೆ ಎಂದುಕೊಂಡು ಮಗ್ಗುಲು ಬದಲಿಸಿದಳು. ಹಾಗೆ ಬದಲಿಸಿದಾಗ ದಿಂಬಿನ ಆ ಕಡೆ ತಣ್ಣಗಿತ್ತು. ಆಮೇಲೆ ಬಂದಂಥ ನಿದ್ದೆ ಅವಳ ಜೀವಮಾನದಲ್ಲಿ ಬಂದಿರಲಿಲ್ಲ. ಕನಸಿಲ್ಲ, ಬೆವರಿಲ್ಲ, ಬಾವಿಯೊಳಗೆ ಬಿಟ್ಟ ಕೊಡದ ಹಾಗೆ ತಣ್ಣಗೆ ಇಳಿದು ತುಂಬಿಕೊಂಡದ್ದು. ನಾಲ್ಕಕ್ಕೆ ತಾತ್ಯಾ ಬಾಗಿಲಲ್ಲಿ ನಿಂತು ಅವಳ ಹೆಸರು ಕರೆದರು.

ಎರಡು, ಮೂರರ ನಡುವೆ ಹೋಗಿದ್ದಾರೆ, ಹೃದಯ ನಿಂತಿದೆ, ಕಷ್ಟವೇನೂ ಆಗಿರಲಿಕ್ಕಿಲ್ಲ ಎಂದರು ಡಾಕ್ಟರು. ಬಂದವರೆಲ್ಲ, ಪುಣ್ಯವಂತರು, ನಿದ್ದೆಯಲ್ಲೇ ಹೋದರು ಎಂದರು. ಯಾರ ನಿದ್ದೆಯಲ್ಲಿ ಎಂದು ಯಾರೂ ಕೇಳಲಿಲ್ಲ.

ಒಂದೂ ಇಪ್ಪತ್ತಕ್ಕೆ ಫೋನು ಮಿಣುಕಿತು. ಮುಂಬಯಿಯ ಪ್ರಾಜಕ್ತಾ ಮೇಡಂ. ನೌಕರರ ನಿದ್ದೆ ನೋಡಿಕೊಳ್ಳುವುದು ಅವರ ಹುದ್ದೆ. ಈ ತಿಂಗಳ ಅತ್ಯುತ್ತಮ ನಿದ್ದೆಗಾರ್ತಿ, ಸರಾಸರಿ ತೊಂಬತ್ತನಾಲ್ಕು, ಆಸಾವರಿ ಲಿಮಯೆ. ಅವಳು ವಿಡಿಯೊ ಸಭೆಯಲ್ಲಿ ಐದು ನಿಮಿಷ ‘ನಾನು ಹೇಗೆ ಮಲಗುತ್ತೇನೆ’ ಎಂದು ಹೇಳುವುದೆಂದು ಹೋದ ವಾರವೇ ಗೊತ್ತಾಗಿತ್ತು. ನಾಲ್ಕೂವರೆಗೆ. ಈಗ ಬಂದ ಸಂದೇಶ: ‘ನನಗೆ ನಾಲ್ಕರ ಲೋಕಲ್ ಹಿಡೀಬೇಕಾಗೇದ, ಎರಡೂವರೆಗೇ ಮಾಡೋಣ. ಪರವಾ ಇಲ್ಲಲ್ಲ?’ ಮುಂಬಯಿಯವರಿಗೆ ಮಧ್ಯಾಹ್ನವೆಂದರೆ ಇನ್ನೊಂದು ಬೆಳಿಗ್ಗೆ. ಕೆಳಗೆ ಆಗಲೇ ಹನ್ನೆರಡು ಜನ ‘ಪರವಾ ಇಲ್ಲ’ ಎಂದು ಬರೆದಿದ್ದರು, ಪುಣೆಯ ಸಾಠೆ ಮಾತ್ರ ‘ಇದು ಅಮಾನುಷ’ ಎಂದಿದ್ದ.

ಪಟ್ಟಿ ತಾತ್ಯಾರ ಕೈಯಲ್ಲಿತ್ತು. ಆಸಾವರಿ ಎದ್ದು ನಡುಕೋಣೆ ದಾಟಿ ಹೊರಕೋಣೆಯ ಬಾಗಿಲಿಗೆ ಬಂದು ನಿಂತಳು. ತಾತ್ಯಾ ಎಡ ಮಗ್ಗುಲಾಗಿ, ಮೊಣಕಾಲು ಅಷ್ಟೇ ಮಡಚಿ, ಬಲಗೈಯನ್ನು ಸೊಂಟದ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದ್ದರು. ಪಕ್ಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಕೊಂಡಿ ಮೇಲ್ಗಡೆಯೇ ಇದೆ, ಎರಡು ಬೆರಳಿನ ಕೆಲಸ. ಅವಳು ಎರಡು ಬೆರಳನ್ನೂ ಚಾಚಿದಳು. ಈ ಮನೆಗೆ ಬಂದ ಹೊಸದರಲ್ಲಿ, ಒಂದು ಸಲ, ಊರಿಂದ ಅಣ್ಣ ಬಂದಿದ್ದಾನೆಂದು ಎರಡು ಗಂಟೆಗೆ ಕೇದಾರನನ್ನು ಎಬ್ಬಿಸಿದ್ದಳು. ಮಾಯಿ ಜಗಳವಾಡಲಿಲ್ಲ. ಸಂಜೆ ಚಹಾದ ಹೊತ್ತಿಗೆ, “ಮಲಗಿದವರನ್ನ ಎಬ್ಬಿಸೋದು ಬ್ಯಾರೆ ಅಲ್ಲ, ಊಟಕ್ಕ ಕೂತವರ ತಾಟು ಎಳಿಯೋದು ಬ್ಯಾರೆ ಅಲ್ಲ,” ಎಂದಷ್ಟೇ ಅಂದು, ಅವಳ ಅಣ್ಣನ ಬಟ್ಟಲಿಗೆ ಇನ್ನೊಂದು ಚಮಚ ಚಿವಡಾ ಹಾಕಿದ್ದರು. ಅಣ್ಣ ಆಮೇಲೆ ಯಾವತ್ತೂ ನಾಲ್ಕಕ್ಕೆ ಮುಂಚೆ ಬಂದಿಲ್ಲ. ಆಸಾವರಿ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಹೋಗಿ, ಮಣಿಕಟ್ಟು ಮುಚ್ಚುವಂಥ ತುಂಬುತೋಳಿನ ಕುರ್ತಾ ಹುಡುಕಿ ಹಾಕಿಕೊಂಡಳು. ಚೈತ್ರದ ಬಿಸಿಲಿಗೆ ಅದರೊಳಗೆ ಬೆನ್ನು ತಕ್ಷಣ ಒದ್ದೆಯಾಯಿತು.

ಎರಡೂವರೆಗೆ ಪರದೆಯ ಮೇಲೆ ಹದಿನಾಲ್ಕು ಮುಖಗಳು. ಆಸಾವರಿ ದನಿ ತಗ್ಗಿಸಿ ಮಾತಾಡಿದಳು. ಮಲಗುವ ಮುನ್ನ ಫೋನು ದೂರ ಇಡುತ್ತೇನೆ ಎಂದಳು. ಹಗುರಾಗಿ ಉಣ್ಣುತ್ತೇನೆ ಎಂದಳು. ಎಡ ಮಗ್ಗುಲಾಗಿ ಮಲಗುತ್ತೇನೆ, ಬಲಗೈ ಸೊಂಟದ ಮೇಲೆ. ಹೇಳುತ್ತ ಹೇಳುತ್ತ ತಾನು ಹೊರಕೋಣೆಯ ಚಿತ್ರವನ್ನೇ ವರದಿ ಮಾಡುತ್ತಿದ್ದೇನೆ ಎಂದು ಹೊಳೆಯಿತು, ಆದರೆ ಅವಳಿಗೆ ಬೇರೆ ನಿದ್ದೆಯೇ ಗೊತ್ತಿರಲಿಲ್ಲ.

“ಮನಸ್ಸಿನಾಗ ಏನ ಇಟ್ಕೋತೀರಿ, ಮಲಗೂ ಮುಂದ?” ಎಂದು ಯಾರೋ ಕೇಳಿದರು.

“ಏನೂ ಇಲ್ಲ,” ಎಂದಳು ಆಸಾವರಿ.

“ನೋಡ್ರಿ! ಇದಽ ಗುಟ್ಟು,” ಎಂದು ಪ್ರಾಜಕ್ತಾ ಮೇಡಂ ಖುಷಿಯಾದರು. “ನಾ ಇವರ ಪಟ್ಟಿಯ ಇವತ್ತಿನ ನಕ್ಷೆನೇ ತೋರಸ್ತೀನಿ ಎಲ್ಲಾರಿಗೂ. ತಡೀರಿ...” ಪರದೆಯ ತುಂಬ ನೀಲಿ ಗೆರೆಗಳ ನಕ್ಷೆ ಬಂತು. ಮೇಲೆ ಅವಳ ಹೆಸರು. ಹೆಸರಿನ ಪಕ್ಕದಲ್ಲಿ ಅರ್ಧಚಂದ್ರ. ಅದರ ಪಕ್ಕದಲ್ಲಿ ಅಕ್ಷರ: ‘ಈಗ ಗಾಢ ನಿದ್ದೆಯಲ್ಲಿದ್ದಾರೆ.’

ನೀಲಿ ಗೆರೆ ನಿಧಾನವಾಗಿ, ಸಭ್ಯವಾಗಿ ಮುಂದೆ ಸರಿಯುತ್ತಿತ್ತು.

“ಆಸಾವರಿ,” ಎಂದ ಸಾಠೆ, “ನೀವು ನಿದ್ದಿಯಾಗ ಮಾತಾಡೋದು ಭಾಳ ಸ್ಪಷ್ಟ ಅದ ಬಿಡ್ರಿ. ನಮ್ಮ ಹೆಂಡ್ತೀದು ಇಷ್ಟು ತಿಳಿಯೂದಿಲ್ಲ.”

ಹದಿಮೂರು ಚೌಕಗಳಲ್ಲಿ ನಗು ಹತ್ತಿಕೊಂಡಿತು. ಪ್ರಾಜಕ್ತಾ ಮೇಡಂ ಒಬ್ಬರು ನಗಲಿಲ್ಲ, ಹುಬ್ಬು ಗಂಟಿಕ್ಕಿ, “ಯಂತ್ರ ಕೆಟ್ಟದೋ ಏನೋ... ನಿಮ್ಮ ಕೈ ಸ್ವಲ್ಪ ತೋರಸ್ರಿ, ಆಸಾವರಿ,” ಎಂದರು. ಆಸಾವರಿ ತೋಳಿನ ಗುಂಡಿಗೆ ಕೈ ಹಾಕಿದಳು. ಗುಂಡಿ ಬಿಚ್ಚಿದರೆ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು, ಬೆವರಿದ ಮಣಿಕಟ್ಟು, ಅಷ್ಟೆ. ಆದರೂ ಬೆರಳು ತಾನೇ ತಾನಾಗಿ ಗುಂಡಿ ಬಿಚ್ಚತೊಡಗಿತು. ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಒಂದು ಸಲ.

ಅವಳು ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ನಡುಕೋಣೆಯಲ್ಲಿ, ಈಗ ಮಂಚವಿಲ್ಲದ, ಆದರೂ ಇವಳು ಬಳಸಿಯೇ ಹೋಗುವ ಜಾಗವನ್ನು ಬಳಸದೆ ನೇರ ದಾಟಿ ಓಡಿದಳು. ಬಾಗಿಲಿಗೆ ಬರುವ ಹೊತ್ತಿಗೆ ತಾತ್ಯಾ ಆಗಲೇ ಚಿಲಕ ತೆಗೆದಿದ್ದರು. ಎಪ್ಪತ್ತೆಂಟರ ಮುದುಕರು, ಗಾಢ ನಿದ್ದೆಯಿಂದ ಎದ್ದವರು, ಕನ್ನಡಕ ಸಹ ಹಾಕಿಕೊಂಡಿದ್ದರು. ಹೊರಗೆ ಹೆಲ್ಮೆಟ್ಟಿನ ಗಂಡಸೊಬ್ಬ ದೊಡ್ಡ ಮೆತ್ತನೆಯ ಪೊಟ್ಟಣ ಅಪ್ಪಿಕೊಂಡು ನಿಂತಿದ್ದ.

“ಹಲಗಿ ಮ್ಯಾಲೆ ಏನ ಬರದದ, ಓದ್ಲಿಕ್ಕೆ ಬರ್ತದೋ ಇಲ್ಲೋ?” ಎಂದರು ತಾತ್ಯಾ. ದನಿಯಲ್ಲಿ ಜೋರಿತ್ತು, ಜೀವವಿರಲಿಲ್ಲ.

“ಓದೇನ್ರಿ ಅಜ್ಜಾರ. ಕಳ್ಳರಿಗೆ ಅಂತ ಬರದದ. ನಾ ಕುರಿಯರ್ ಅವ.” ಅವನು ಪೊಟ್ಟಣವನ್ನು ಅವರ ಕೈಗೆ ಕೊಟ್ಟು, ಆಸಾವರಿಯಿಂದ ಸಹಿ ಹಾಕಿಸಿಕೊಂಡು, “ದಿಂಬು ಅದ, ಮೆತ್ತಗ ಹಿಡೀರಿ” ಎಂದು ಹೇಳಿ ಇಳಿದುಹೋದ. ಪೊಟ್ಟಣದ ಮೇಲೆ ಕಂಪನಿಯ ಹೆಸರಿತ್ತು, ಕೆಳಗೆ ‘ನಿಮ್ಮ ಸುಖನಿದ್ರೆಗೆ ನಮ್ಮ ಕಾಣಿಕೆ.’

ತಾತ್ಯಾ ಬಾಗಿಲು ಹಾಕಲಿಲ್ಲ. ದಿಂಬನ್ನು ಅಪ್ಪಿಕೊಂಡೇ ನಿಂತು ಸೊಸೆಯನ್ನು ನೋಡಿದರು. ಅವಳ ಕಾಲಲ್ಲಿ ಚಪ್ಪಲಿಯಿರಲಿಲ್ಲ, ಅವರ ಕಾಲಲ್ಲೂ ಇರಲಿಲ್ಲ.

“ನೀ ಮಲಗಿರಲಿಲ್ಲೇನು?”

“ನೀವು?”

ತಾತ್ಯಾ ದಿಂಬನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ನಾ ಮಲಗೂದಿಲ್ಲ,” ಎಂದರು. “ಅಡ್ಡ ಆಗ್ತೀನಿ.”

“ಮತ್ತ ಇದು ತೊಂಬತ್ತನಾಲ್ಕು ತೋರಸ್ತದಲ್ಲ?”

“ಅಲ್ಲಾಡಬಾರದಲ್ಲ, ಉಪಕರಣ ಕಟ್ಟಿದ ಮ್ಯಾಲೆ.” ಇಷ್ಟು ಸರಳ ಸಂಗತಿಯನ್ನೂ ಹೇಳಬೇಕಾಯಿತಲ್ಲ ಎಂಬಂತಿತ್ತು ಅವರ ದನಿ. “ಯಂತ್ರ ಸುಳ್ಳ ಹೇಳೂದಿಲ್ಲ. ಗಿಡದ ಕೆಳಗ ಮಳಿಮಾಪನ ಇಟ್ಟರ ಅದೇನ ಮಾಡ್ತದ ಪಾಪ? ಇಟ್ಟ ಜಾಗಾ ಸುಳ್ಳ ಹೇಳ್ತದ.”

ಆಸಾವರಿಯ ಬಾಯಿಂದ, ಅವಳಿಗೂ ಮುಂಚೆ, ಆ ಫಾರ್ಮಿನ ಮೊದಲ ಪ್ರಶ್ನೆ ಹೊರಬಿತ್ತು: “ಯಾವಾಗಿನಿಂದ ತಾತ್ಯಾ?”

ತಾತ್ಯಾ ದಿಂಬನ್ನು ತಮ್ಮ ಹಾಸಿಗೆಯ ಮೇಲಿಟ್ಟು, ಕಪಾಟಿನಿಂದ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತೆಗೆದರು. ನಿವೃತ್ತರಾದರೂ ಅವರು ಬಾಲ್ಕನಿಯ ಉಷ್ಣಮಾಪಕ ನೋಡಿ ದಿನಕ್ಕೆರಡು ಸಲ ಬರೆಯುತ್ತಾರೆ. ಕರೆಂಟು ಹೋದದ್ದು, ಮೊದಲ ಕೋಗಿಲೆ ಕೂಗಿದ್ದು, ನೀರಿನ ಟ್ಯಾಂಕರು ಬಂದದ್ದು, ಎಲ್ಲಕ್ಕೂ ವೇಳೆ ಹಾಕಿ ಬರೆಯುತ್ತಾರೆ. ಇದು ಹೋದ ವರ್ಷದ ಪುಸ್ತಕ. ಪುಟ ಹುಡುಕಬೇಕಾಗಲಿಲ್ಲ, ಅದು ತಾನಾಗಿ ಅಲ್ಲೇ ತೆರೆದುಕೊಂಡಿತು. ಸಣ್ಣ ಪೆನ್ಸಿಲ್ ಅಕ್ಷರ: ‘ಗರಿಷ್ಠ ೩೯.೪. ಪಶ್ಚಿಮದ ಗಾಳಿ, ಮಂದ. ೧೪-೧೦, ಗಂಟೆ, ಒಮ್ಮೆ (?)’ ಅದರ ಕೆಳಗೆ ‘೧೬-೦೦’ ಎಂದಿತ್ತು. ಮುಂದೆ ಏನೂ ಇರಲಿಲ್ಲ.

“ಪೆನ್ಸಿಲ್ ಕೈಯಾಗಿತ್ತು,” ಎಂದರು ತಾತ್ಯಾ. “ಬಿಸಿಲಿನ ಅಂಕಿ ಬರೀಲಿಕ್ಕೆ ಹತ್ತಿದ್ದೆ. ಗಂಟಿ ಕೇಳ್ತು. ಹನ್ನೊಂದ ಹೆಜ್ಜಿ ಅದ ಇಲ್ಲಿಂದ ಅಕಿ ಮಂಚಕ್ಕ, ಆಮ್ಯಾಲೆ ಎಣಿಸೀನಿ. ನಾ ಎದ್ದು ಹೋಗಲಿಲ್ಲ ನೋಡು. ಬರ್ಕೊಂಡೆ.” ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು. “ಸೊಸಿ ಹೋಗ್ತಾಳ ಅಂದ್ಕೊಂಡೆ. ನೀ ಬರೋ ಸಪ್ಪಳ ಆಗಲಿಲ್ಲ. ಹಂಗಾರ ಗಂಟಿ ಆಗಿರಲಿಕ್ಕಿಲ್ಲ, ರಸ್ತಾದಾಗ ಸಾಯಕಲ್‌ದವ ಹೊಡದಿರಬೇಕು ಅಂತ ಮುಂದ ಪ್ರಶ್ನಿ ಹಾಕಿದೆ. ಪ್ರಶ್ನಿ ಹಾಕಿ ನಾಲ್ಕರ ತನಕ ಕೂತೆ. ನಿಂದೇನ ತಪ್ಪಿಲ್ಲ ಅದರಾಗ. ನಿನಗ ಕೇಳಿಸೇ ಇಲ್ಲ, ನನಗ ಗೊತ್ತದ. ನಾನಽ ಅಲ್ಲೇನು ನಿನ್ನ ಎಬ್ಬಿಸಿದ್ದು? ಎಂಥಾ ನಿದ್ದಿ ಮಾಡಿದ್ದಿ, ನಾಲ್ಕ ಸಲ ಕೂಗಿದೆ.”

ದಿನಾ ಬೆಳಿಗ್ಗೆ ತಾತ್ಯಾ ಗಂಟೆ ಬಾರಿಸದೆ ಪೂಜೆ ಮಾಡುವುದು ಆಸಾವರಿಗೆ ನೆನಪಾಯಿತು. ಹನ್ನೊಂದು ತಿಂಗಳಿಂದ ಆರತಿ ಮೂಕವಾಗಿಯೇ ಎತ್ತುತ್ತಾರೆ. ಸೊಸೆಯ ಕಚೇರಿಯ ಕರೆಗಳಿಗೆ ತೊಂದರೆಯಾಗದಿರಲಿ ಎಂದು ಅಪ್ಪ ಹಾಗೆ ಮಾಡುತ್ತಾರೆಂದು ಕೇದಾರ ತಿಳಿದಿದ್ದ. ಎಷ್ಟು ಸೂಕ್ಷ್ಮ ನೋಡು ಅವರು, ಎಂದು ಅವಳಿಗೆ ಹೇಳಿಯೂ ಇದ್ದ. ಮಾವನಿಗೆ ಗೊತ್ತಾಗಿ ಹೋಗಿದೆ, ಅದಕ್ಕೇ ಅವರು ನನ್ನೆದುರಿಗೆ ಗಂಟೆ ಮುಟ್ಟುವುದಿಲ್ಲ, ಎಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಅವರಿಗೆ ಏನೂ ಗೊತ್ತಿಲ್ಲ. ಹನ್ನೊಂದು ತಿಂಗಳು ಅವಳು ಬೇಡಿಕೊಂಡದ್ದು ಇದನ್ನೇ, ಯಾರಿಗೂ ಗೊತ್ತಾಗದಿರಲಿ. ಗೊತ್ತಾಗಿಲ್ಲ. ಮಾವ ತಾವೇ ಬರೆದು, ವೇಳೆ ಹಾಕಿ, ನಿನ್ನ ತಪ್ಪಿಲ್ಲ ಎಂದು ಕೊಟ್ಟಿದ್ದಾರೆ. ಸುಮ್ಮನೆ ತೆಗೆದುಕೊಂಡರೆ ಆಯಿತು. ಇಂದು ರಾತ್ರಿ ನಿದ್ದೆ ಬಂದರೂ ಬರಬಹುದು. ಅವಳು ಬಾಯಿ ಮುಚ್ಚಿಕೊಂಡು ಆ ನಿದ್ದೆಯನ್ನು ಒಂದು ಕ್ಷಣ ಊಹಿಸಿ ನೋಡಿದಳು. ದಿಂಬಿನ ಆ ಕಡೆ ತಣ್ಣಗಿತ್ತು.

“ಕೇಳಿಸಿತ್ತು,” ಎಂದಳು.

ತಾತ್ಯಾ ತಲೆಯೆತ್ತಲಿಲ್ಲ. “ಏನು?”

“ಗಂಟಿ. ನಾ ಎಚ್ಚರಿದ್ದೆ. ಇನ್ನೊಂದು ಬಾರಸ್ತಾರ ಅಂತ ಮಗ್ಗಲಾ ಬದಲಿಸಿದೆ.”

“ಎಷ್ಟ ಸಲ ಆತು?”

“ಒಂದ ಸಲ.”

“ಎಷ್ಟೊತ್ತಿಗೆ?”

“ಎರಡರ ಮ್ಯಾಲೆ. ಗಡಿಯಾರ ನೋಡಲಿಲ್ಲ.”

ತಾತ್ಯಾ ಪುಸ್ತಕದ ಮುಂದೆ ಕುಳಿತು ಆ ಸಾಲಿನ ಮೇಲೆ ಬೆರಳಿಟ್ಟರು. ಅವರ ಇಲಾಖೆಯಲ್ಲಿ, ನಂಬಲಾಗದ ಅಂಕಿಯೊಂದು ಬಂದರೆ ಮುಂದೆ ಪ್ರಶ್ನೆ ಹಾಕಿಡುತ್ತಿದ್ದರಂತೆ. ಎರಡನೆಯವರೊಬ್ಬರು ಬಂದು, ಹೌದು, ನಾನೂ ನೋಡಿದೆ ಎಂದರೆ ಪ್ರಶ್ನೆ ತೆಗೆಯುತ್ತಿದ್ದರಂತೆ. ಇದನ್ನು ಅವರು ಯಾವಾಗಲೋ ಊಟದ ಹೊತ್ತಿಗೆ ಹೇಳಿದ್ದು ಆಸಾವರಿಗೆ ಆಗ ನೆನಪಾಗಲಿಲ್ಲ. ತಾತ್ಯಾ ಮೇಜಿನ ಖಾನೆಯಿಂದ ರಬ್ಬರು ಹುಡುಕಿ ತೆಗೆದು, ಆವರಣದೊಳಗಿನ ಆ ಸಣ್ಣ ಪ್ರಶ್ನೆಯನ್ನು ಜಾಗ್ರತೆಯಾಗಿ ಅಳಿಸತೊಡಗಿದಾಗ ನೆನಪಾಯಿತು. ಇಷ್ಟು ದಿನ ಅವರಿಗೆ ಆಧಾರವಾಗಿದ್ದದ್ದು ಆ ಒಂದು ಗುರುತು. ಸಾಯಕಲ್ಲಿನವನ ಗಂಟೆಯೂ ಆಗಿರಬಹುದಿತ್ತು. ಅವಳು ಎರಡೇ ಮಾತಿನಲ್ಲಿ ಅದನ್ನು ಕಿತ್ತುಕೊಂಡಿದ್ದಳು. ಬೇಡ ಎನ್ನಲು ಬಾಯಿ ತೆರೆದಳು. ತಾತ್ಯಾ ಆಗಲೇ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ, ‘ಒಮ್ಮೆ’ ಎಂಬುದರ ಮುಂದೆ ‘ಇಬ್ಬರು ಕೇಳಿದ್ದು’ ಎಂದು ಬರೆದಿದ್ದರು. ಪುಸ್ತಕ ಮುಚ್ಚಿ, ಕೈಯ ಪಟ್ಟಿ ತೆಗೆಯಲು ಹೋದರು. ಕೊಂಡಿಯನ್ನು ಬಿಚ್ಚಲು ಅವರಿಗೆ ಆಗಲಿಲ್ಲ, ಅವಳೇ ಬಿಚ್ಚಿದಳು. ಪಟ್ಟಿಯ ಕೆಳಗೆ ಚರ್ಮ ತೇವವಾಗಿ, ಬೆಳ್ಳಗೆ, ನೀರಲ್ಲಿ ನೆನೆದ ಬೆರಳಿನ ಹಾಗೆ ಸುಕ್ಕಾಗಿತ್ತು.

ಒಳಕೋಣೆಯಿಂದ ಅವಳ ಹೆಸರು ಹಿಡಿದು ಯಾರೋ ಕೂಗುತ್ತಿದ್ದರು. ಹೋದರೆ ಹದಿನಾಲ್ಕು ಮುಖಗಳೂ ಹಾಗೆಯೇ ಕಾದಿದ್ದವು. ಕುರ್ಚಿ ಎತ್ತಿ ನಿಲ್ಲಿಸಿ ಕುಳಿತಳು.

“ಬಂದ್ರೇನು? ನೋಡ್ರಿ, ಈಗ ಎಚ್ಚರಾದ್ರಿ ಅಂತ ತೋರಸ್ತದ, ಎರಡು ನಲವತ್ತೊಂದಕ್ಕ,” ಎಂದರು ಪ್ರಾಜಕ್ತಾ ಮೇಡಂ, ಯಂತ್ರದ ಮಾನ ಉಳಿಯಿತೆಂಬ ಸಮಾಧಾನದಲ್ಲಿ.

ಆಸಾವರಿ ಪಟ್ಟಿಯನ್ನು ಕ್ಯಾಮೆರಾದ ಮುಂದೆ ಹಿಡಿದಳು. “ಇದು ಏಳ ವಾರದಿಂದ ನಮ್ಮ ಮಾವನವರ ಕೈಯಾಗಿತ್ತು,” ಎಂದಳು. “ಅವರೂ ಮಲಗಿರಲಿಲ್ಲ.”

ಸಾಠೆ ತನ್ನ ಮೈಕು ಆರಿಸಿದ. ಯಾರದೋ ಹಿನ್ನೆಲೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಪ್ರಾಜಕ್ತಾ ಮೇಡಂ ಏನೇನೋ ಹೇಳಲು ಹೋಗಿ, ಕೊನೆಗೆ, “ನಾ ನಿಮಗೊಂದು ಫಾರ್ಮು ಕಳಸ್ತೀನಿ,” ಎಂದರು.

“ಕಳಸ್ರಿ. ಹಿಂದಿಂದೂ ನನ್ನ ಹತ್ರ ಅದ.”

“ದಿಂಬು ಮುಟ್ಟಿತೇನು?” ಎಂದು ಸಾಠೆ ಮೈಕು ಹಾಕಿ ಕೇಳಿದ, ಮತ್ತೆ ಆರಿಸಿದ.

ಮುಟ್ಟಿತ್ತು. ಅದನ್ನು ಹಿಂದಕ್ಕೆ ಕಳಿಸಬೇಕೇ ಬೇಡವೇ ಎಂದು ಆ ರಾತ್ರಿ ಕೇದಾರ ಕೇಳಿದ. ಅವಳು ಅವನಿಗೆ ಎಲ್ಲವನ್ನೂ ಹೇಳಿದ್ದಳು, ಹೇಳುವಾಗ ಚಪಾತಿ ಲಟ್ಟಿಸುತ್ತಿದ್ದಳು. ಕೇದಾರ ಕೇಳುತ್ತ ಕೇಳುತ್ತ ತಣ್ಣಗಾದ ಒಂದೇ ಚಪಾತಿಯನ್ನು ಬಹಳ ಹೊತ್ತು ಅಗಿದ. ಊಟವಾದ ಮೇಲೆ ಬಾಲ್ಕನಿಗೆ ಹೋಗಿ ಅಪ್ಪನ ಉಷ್ಣಮಾಪಕದ ಮುಂದೆ ಏನೋ ಓದುವವನ ಹಾಗೆ ನಿಂತಿದ್ದ. ಕೊನೆಗೆ ಬಂದು ಕೇಳಿದ್ದು ದಿಂಬಿನ ವಿಷಯ. ನಿದ್ದೆ ಬಂತೆ ಎಂದರೆ, ಅವನಿಗೂ ಬರಲಿಲ್ಲ, ಇವಳಿಗೂ ಬರಲಿಲ್ಲ. ಅಳೆಯಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಆಸಾವರಿ ಒಲೆಯ ಮೇಲೆ ಹಾಲಿಟ್ಟು ಮುಂದೆ ನಿಂತಿದ್ದಳು. ಕಣ್ಣು ಉರಿಯುತ್ತಿತ್ತು. ದೇವರ ಮನೆಯಲ್ಲಿ ತಾತ್ಯಾ ಮಣೆ ಎಳೆದ ಸದ್ದು, ತಂಬಿಗೆ ಇಟ್ಟ ಸದ್ದು, ಬೆಂಕಿಕಡ್ಡಿ ಗೀರಿದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಹಾಲಿನ ಅಂಚಿನಲ್ಲಿ ನೊರೆ ಕಟ್ಟತೊಡಗಿತು. ಆಗ ಗಂಟೆ ಬಾರಿಸಿತು. ಒಂದು ಸಲ.

ಎರಡನೆಯದಕ್ಕೆ ಅವಳು ಕಾಯಲಿಲ್ಲ. ದೇವರ ಮನೆಯ ಹೊಸ್ತಿಲಿಗೆ ಬಂದು ಏದುಸಿರು ಬಿಡುತ್ತ ನಿಂತಳು. ತಾತ್ಯಾ ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ ಹಿಡಿದುಕೊಂಡು ತಿರುಗಿ ನೋಡಿದರು. ಬಲ ಮಣಿಕಟ್ಟಿನ ಮೇಲೆ ಬೆಳ್ಳನೆಯ ಗೆರೆ ಇನ್ನೂ ಇತ್ತು.

“ಏನ್ರಿ ತಾತ್ಯಾ?”

“ಏನಿಲ್ಲವಾ,” ಎಂದರು ತಾತ್ಯಾ. “ಇದು ದೇವರಿಗೆ. ನಿನಗಲ್ಲ.” ಮೂಗು ಎಳೆದು ವಾಸನೆ ಹಿಡಿದು, “ಹಾಲು ಉಕ್ಕಲಿಕ್ಕೆ ಹತ್ತೇದ ನೋಡು,” ಎಂದರು.

ಹಾಲು ಆಗಲೇ ಉಕ್ಕಿತ್ತು.